ನುಂಗಿದ ಹೆಸರು

ಕಂತು ೯

"ಇನ್ನೊಮ್ಮೆ ಹಾಡ್ರಿ," ಎಂದಳು ಪಂಚಶೀಲಾ. "ಪೂರಾ ಬ್ಯಾಡ. ಕಡೀ ಸಾಲು ಅಷ್ಟೇ ಸಾಕು."

ಭಾಗ್ಯಜ್ಯೋತಿ ಸೆರಗಿನಿಂದ ಕುತ್ತಿಗೆಯ ಬೆವರನ್ನು ಒರೆಸಿಕೊಂಡಳು. ಜೇವರ್ಗಿಯ ಆ ರೊಟ್ಟಿ ಕೇಂದ್ರದ ತಗಡಿನ ಸೂರಿನ ಕೆಳಗೆ ಸಾಲಾಗಿ ಒಲೆಗಳು ಉರಿಯುತ್ತಿದ್ದವು. ಹೆಂಗಸರು ಜೋಳದ ಹಿಟ್ಟಿನ ಮುದ್ದೆಯನ್ನು ಬಡಿಯುವ ಸದ್ದು ಒಂದೇ ಲಯದಲ್ಲಿ ಏಳುತ್ತಿತ್ತು. ಆ ಲಯಕ್ಕೆ ಸೇರಿಸಿ ಹಾಡಲು ಭಾಗ್ಯಜ್ಯೋತಿ ಪ್ರಯತ್ನಿಸಿದಳು. ದನಿ ಮಾತ್ರ ಸೇರಲಿಲ್ಲ.

"ಹರಿಯೋ ಹೊಳಿಗೆ ಹೆಸರ್ಯಾಕಣ್ಣಾ... ಗುರು ಖಾದರನ ದೋಣಿಯೊಳಗ ಕುಂತಮ್ಯಾಲೆ ಭಯ ಯಾಕಣ್ಣಾ..."

"ಅಕ್ಕಾರ, ಇನ್ನ ಸಾಕ್ ಮಾಡ್ರಿ," ಎಂದಳು ಒಲೆಯ ಮುಂದಿನ ಸಾಬಮ್ಮ, ತಲೆ ಎತ್ತದೆಯೇ. "ರೊಟ್ಟಿ ಉಬ್ಬಾದು ಬಿಟ್ಟು ಕೇಳಾಕತ್ತಾವ."

ಹೆಂಗಸರು ನಕ್ಕರು. ಪಂಚಶೀಲಾ ನಗಲಿಲ್ಲ. ನಗುವುದಕ್ಕೂ ಸ್ವಲ್ಪ ಶಕ್ತಿ ಬೇಕಾಗುತ್ತದೆ. ಪೊಲೀಸ್ ಕೆಲಸ ಬಿಟ್ಟು ಆಳಂದದಲ್ಲಿ ಖಾಸಗಿ ತನಿಖೆಯ ಬೋರ್ಡು ಹಾಕಿದ ಮೇಲೆ ಅವಳು ಅದನ್ನು ಎಚ್ಚರಿಕೆಯಿಂದ ಖರ್ಚು ಮಾಡುವುದನ್ನು ಕಲಿತಿದ್ದಳು.

"ಕ್ಯಾಸೆಟ್ಟಿನಾಗ ಹಂಗಿಲ್ಲಲ್ರಿ," ಎಂದಳು.

"ಹಂಗಂದ್ರ?"

"ಗುರು ಖಾದರನ ದೋಣಿ ಅಂತ ಇಲ್ಲ. ಗುರು ನಮ್ಮವರ ದೋಣಿ ಅಂತ ಅದ."

"ಹೌದ್ರಿ, ಅಲ್ಲಿ ಅಕಿ ಹೆಸರ ಹೇಳಾಂಗಿಲ್ಲ..."

ಭಾಗ್ಯಜ್ಯೋತಿ ತುಟಿ ಕಚ್ಚಿಕೊಂಡಳು. ರೊಟ್ಟಿ ಬಡಿಯುವ ಸದ್ದು ಮಾತ್ರ ಮುಂದುವರಿಯಿತು.

"ಅಕಿ ಯಾರ್ರಿ?" ಎಂದು ಪಂಚಶೀಲಾ ಮೆಲ್ಲಗೆ ಕೇಳಿದಳು.

ಪ್ರಶ್ನೆ ಅಷ್ಟೇ. ಮೂರು ದಶಕ ಯಾರಿಗೂ ಬೇಡವಾಗಿದ್ದ ಒಂದು ತತ್ವಪದದ ಕ್ಯಾಸೆಟ್ಟು ಕಳೆದ ತಿಂಗಳು ಏಕಾಏಕಿ ಎಲ್ಲರ ಮೊಬೈಲಿನಲ್ಲಿ ಹಾಡತೊಡಗಿತ್ತು. ಕವರಿನ ಮೇಲೆ ಎರಡು ಜಡೆಯ ಹುಡುಗಿಯ ಚಿತ್ರ, ಕೆಳಗೆ 'ಗಾಯಕಿ: ಕು. ಭಾಗ್ಯಜ್ಯೋತಿ, ಜೇವರ್ಗಿ'. ಆದರೆ ನರೋಣಾದಲ್ಲಿ ಶರೀಫಾಬಿ ಎಂಬ ಮುದುಕಿ ಆ ದನಿಯನ್ನು ಕೇಳಿ, ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟು, "ಇದು ನನ್ನ ಸೊಸಿ ಜೈತುನ" ಎಂದಿದ್ದಳು.

ಆ ಸೊಸೆಯ ಮಗಳು ನಿಶಾತ ಈಗ ಪಂಚಶೀಲಾಳ ಪಕ್ಕದಲ್ಲೇ ಕುಳಿತಿದ್ದಳು. ಆಳಂದದ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಮಿತಭಾಷಿ. ಹಾಲು ಕುಡಿಯುವ ಕೂಸನ್ನು ಬಿಟ್ಟು ಜೈತುನಬಿ ಯಾರೊಡನೆಯೋ ಓಡಿಹೋದಳು, ಅವಳನ್ನು ಹುಡುಕಲು ಹೋದ, ಲಾರಿ ಓಡಿಸುತ್ತಿದ್ದ ಗಂಡ ಖಾದರಸಾಬನೂ ತಿರುಗಿ ಬರಲಿಲ್ಲ ಎಂಬ ಮಾತನ್ನು ಕೇಳುತ್ತಲೇ ಬೆಳೆದವಳು. ಪಂಚಶೀಲಾಳನ್ನು ನೇಮಿಸಿಕೊಂಡಾಗ, ಅಕ್ಕ ಎಂಬ ಅರ್ಥದಲ್ಲಿ ಬಾಜಿ ಎಂದು ಕರೆದು, ಅವಳು ಕೇಳಿದ್ದು ಒಂದೇ: "ಅಕಿ ನನ್ನ ಬಿಟ್ಟು ಓಡಿ ಹೋದ್ಲೋ ಇಲ್ಲೋ, ಅಷ್ಟು ಹೇಳ್ರಿ ಬಾಜಿ. ಮತ್ತೇನೂ ಬ್ಯಾಡ."

ಭಾಗ್ಯಜ್ಯೋತಿ ಒಲೆಯ ಕಡೆಯಿಂದ ಕುರ್ಚಿಯನ್ನು ಇತ್ತ ತಿರುಗಿಸಿಕೊಂಡಳು. ನಿಶಾತಳ ಮುಖವನ್ನು ಈಗ ಮೊದಲ ಬಾರಿ ಸರಿಯಾಗಿ ನೋಡಿದಳು.

"ಫೋಟೋ ನಂದು, ಹೆಸರ ನಂದು. ದನಿ ನಂದಲ್ರಿ," ಎಂದಳು. "ಮುಸಲ್ಮಾನರ ಮನಿ ಸೊಸಿ ಹೆಸರ ಕವರ್ ಮ್ಯಾಲೆ ಬಂದ್ರ ಅತ್ತಿಮನ್ಯಾಗ ಒಪ್ಪಾಂಗಿಲ್ಲ ಅಂತ ಅಕಿನೇ ಬ್ಯಾಡ ಅಂದಿದ್ಲು. ಕ್ಯಾಸೆಟ್ ಮಾಡಿದ ಹಣಮಂತಣ್ಣ ನಮ್ಮಪ್ಪನ ದೋಸ್ತ. ನಿನ್ನ ಮಗಳ ಫೋಟೋ ಕೊಡು ಅಂದ. ನಂಗೂ ಆಸೆ ಇತ್ತು, ಕೊಟ್ಟೆ. ಅವತ್ತಿನಿಂದ ಮದುವಿ ಇರಲಿ, ತೊಟ್ಟಿಲ ಇರಲಿ, ಹಾಡು ಹಾಡು ಅಂತಾರ್ರಿ. ಗಂಟಲ ನೋವು ಅಂತ ಹೇಳಿ ಹೇಳಿ ಖರೇನೇ ಗಂಟಲ ಹೋತು."

"ಹಾಡು ತುಂಬುವಾಗ ನೀವು ಅಲ್ಲಿದ್ರೇನು?"

"ಮೂಲ್ಯಾಗ ಕುಂತಿದ್ದೆ. ಐದು ಪದ ಆದ್ವು. ಪ್ರತಿಯೊಂದರ ಕಡೀಗೆ ಹಣಮಂತಣ್ಣ ಕಿವ್ಯಾಗಿನ ಹೆಡ್‌ಫೋನ್ ಕಿತ್ತಿ ಒಗೀತಿದ್ದ. 'ಹೆಸರ ಹೇಳು ಬೇ, ಗುರುವಿನ ಹೆಸರ ಹೇಳು' ಅಂತ. ಅಕಿ ಬಾಯಿಗೆ ಸೆರಗ ಹಿಡಿದು ನಗತಿದ್ಲು. ಮತ್ತ ಹಾಡಂದ್ರ ಮತ್ತ 'ನಮ್ಮವರ'. ಯಾಕಂತ ನಾನೂ ಕೇಳಲಿಲ್ಲ. ವಾದ್ಯದವರು ಊಟಕ್ಕ ಎದ್ದು ಹೋದ್ರು, ಆರನೇದು ಸುರು ಆಗೂ ಮೊದಲೇ ನಂಗ ಬಸ್ಸಿಗೆ ಹೊತ್ತಾತು, ಮಧ್ಯಾಹ್ನದ ಗಾಡಿಗೆ ಬಂದುಬಿಟ್ಟೆ."

"ನೀವು ಹೊಂಟಾಗ ಜೈತುನಬಿ?"

"ಅಲ್ಲೇ ಇದ್ಲಲ್ರಿ." ಭಾಗ್ಯಜ್ಯೋತಿ ನಿಶಾತಳ ಕಡೆ ನೋಡಿದಳು. "ಲಗೂ ಮುಗಸ್ರಿ ಅಣ್ಣಾ, ಮನ್ಯಾಗ ಕೂಸದ, ಎದಿ ಬಿಗಿಯಾಕತ್ತದ ಅಂತಿದ್ಲು."

ನಿಶಾತ ಎದ್ದು ನಿಂತಳು. ಒಲೆಯ ಬಳಿಗೆ ಹೋಗಿ, ಯಾರನ್ನೂ ಕೇಳದೆ, ಬುಟ್ಟಿಯಲ್ಲಿದ್ದ ರೊಟ್ಟಿಗಳ ಮೇಲಿನ ಬಟ್ಟೆಯನ್ನು ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು.

---

ಅಫಜಲಪುರದ ಬಸ್ಸು ತುಂಬಿರಲಿಲ್ಲ. ಕಿಟಕಿಯ ಗಾಜು ಪ್ರತಿ ಗುಂಡಿಗೂ ಹಲ್ಲು ಕಡಿಯುತ್ತಿತ್ತು. ಪಂಚಶೀಲಾಳ ಎಡಗಾಲಿನ ಮಂಡಿ ಬೆಳಿಗ್ಗೆಯಿಂದ ನೋಯುತ್ತಿತ್ತು. ಅವಳು ಕಾಲನ್ನು ನಡುದಾರಿಗೆ ಚಾಚಿ, ಇಯರ್‌ಫೋನಿನ ಒಂದು ತುದಿಯನ್ನು ತಾನಿಟ್ಟುಕೊಂಡು ಇನ್ನೊಂದನ್ನು ನಿಶಾತಳಿಗೆ ಕೊಟ್ಟಳು.

ಆರು ಪದಗಳು. ಭೀಮೆಯ ದಂಡೆಯ ಖಾದರ ಎಂಬ ಗುರುವಿನವು. ಒಂದೊಂದರ ಕೊನೆಗೂ ಅಂಕಿತವಾಗಿ ಅವನ ಹೆಸರು ಬರಬೇಕು. ಗುರುವಿಗೆ ನಡೆದುಕೊಳ್ಳುವವರಲ್ಲಿ ಲಿಂಗಾಯತರೂ ಇದ್ದರು, ಮುಸಲ್ಮಾನರೂ ಇದ್ದರು; ಅಂಕಿತದ ವಿಷಯದಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಹೆಸರಿಲ್ಲದ ಪದವನ್ನು ಅವರು ಪದವೆಂದೇ ಒಪ್ಪುತ್ತಿರಲಿಲ್ಲ.

ಮೊದಲ ಪದ. 'ಗುರು ನಮ್ಮವರ.' ಎರಡನೆಯದು. 'ಗುರು ನಮ್ಮವರ.' ಮಾತ್ರೆ ತಪ್ಪಿರಲಿಲ್ಲ, ತಾಳ ತಪ್ಪಿರಲಿಲ್ಲ. 'ಖಾದರನ' ಇರಬೇಕಾದ ಜಾಗದಲ್ಲಿ ಅಷ್ಟೇ ತೂಕದ ಇನ್ನೊಂದು ಶಬ್ದವನ್ನು ಅಷ್ಟು ನಯವಾಗಿ ಕೂರಿಸಲಾಗಿತ್ತು. ಕೇಳುವವರಿಗೆ ಅದು 'ನಮ್ಮ ಗುರು' ಎಂಬ ಭಕ್ತಿಯಂತೆಯೇ ಕೇಳಿಸುತ್ತಿತ್ತು.

ಪಂಚಶೀಲಾಳಿಗೆ ತನ್ನ ತಾಯಿ ನೆನಪಾದಳು. ರೇಷನ್ ಕಾರ್ಡಿನ ಕಚೇರಿಯಲ್ಲಿ ಗುಮಾಸ್ತ "ಗಂಡನ ಹೆಸರು?" ಎಂದಾಗಲೆಲ್ಲ ತಾಯಿ ಮಗಳ ಬೆನ್ನಿಗೆ ಮೊಳಕೈಯಿಂದ ತಿವಿಯುತ್ತಿದ್ದಳು. ಹೇಳುವುದು ಮಗಳ ಕೆಲಸ. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ತಾಯಿಯ ನಂಬಿಕೆ. ಅಪ್ಪನ ಹೆಸರಿನದೇ ಒಂದು ಊರಿತ್ತು. ಆ ಊರಿಗೆ ಟಿಕೇಟು ತೆಗೆಸಬೇಕಾದರೂ ಅವಳು ಕಂಡಕ್ಟರನಿಗೆ "ಮುಂದಿನ ಊರಿನ ಹಿಂದಿನ ಊರು" ಎನ್ನುತ್ತಿದ್ದಳು.

"ನಿಶಾತ, ನಿಮ್ಮ ದಾದಿ ಶರೀಫಾಬಿ ತಮ್ಮ ಗಂಡನ, ನಿಮ್ಮ ದಾದಾನ ಹೆಸರ ಹೇಳ್ತಾರೇನು?"

"ಈಗ ಹೇಳ್ತಾಳ್ರಿ. ದಾದಾ ಇದ್ದಾಗ ಹೇಳ್ತಿದ್ದಿಲ್ಲ, 'ಖಾದರನ ಅಬ್ಬಾ' ಅಂತಿದ್ಲು. ದಾದಾ ತೀರಿಕೊಂಡ ದಿನ ಹೆಸರ ಹಿಡಿದು ಹಾಡ್ಯಾಡಿ ಅತ್ಲು ನೋಡ್ರಿ, ನಾವು ಹುಡುಗೂರು ಅಂಜಿ ಹೊರಗ ಓಡಿದ್ವಿ. ಯಾರನ್ನ ಕರಿಯಾಕತ್ತಾಳ ಅಂತನೂ ತಿಳಿಲಿಲ್ಲ." ನಿಶಾತ ಕಿಟಕಿಯ ಕಡೆ ನೋಡಿದಳು. "ಅಬ್ಬಾ ಅಕಿಗೆ 'ಜೈತೂ' ಅಂತಿದ್ನಂತ. ಊರಾಗ ಮತ್ಯಾರೂ ಹಂಗ ಕರೀತಿದ್ದಿಲ್ಲಂತ. ಅಕಿ ಅಬ್ಬಾಗ 'ಸುನೋ' ಅಂತಿದ್ಲಂತ. ಅಷ್ಟೇ. ಖಾದರ ಅಂತ ಒಂದು ಸಲನೂ..."

ಅವಳ ಮಾತು ನಿಂತಿತು. ಏಕೆಂದರೆ ಆಗ ಆರನೆಯ ಪದ ಮುಗಿಯುತ್ತಿತ್ತು. ಎಲ್ಲರೂ ಮೊಬೈಲಿನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದುದು ಅದನ್ನೇ. ಪಕ್ಕವಾದ್ಯವಿಲ್ಲ. ಏಕತಾರಿಯೂ ಇಲ್ಲ. ಬರಿಯ ಒಂದು ದನಿ.

"ದೀಪ ಹಚ್ಚಿದಾಕಿ ನಾನು, ಎಣ್ಣಿ ಎರಿಯೋರ್‍ಯಾರೋ... ಗುರು ಖಾದರಾ, ಹೊಳಿ ದಾಟಿ ಹೋದ ಮ್ಯಾಲೆ ತಿರುಗಿ ನೋಡೋರ್‍ಯಾರೋ... ಖಾದರಾ... ಖಾದರಾ..."

ನಿಶಾತ ಇಯರ್‌ಫೋನನ್ನು ಕಿವಿಯಿಂದ ತೆಗೆದು ಅಂಗೈಯಲ್ಲಿ ಹಿಡಿದುಕೊಂಡಳು. ಲ್ಯಾಬಿನಲ್ಲಿ ಕೆಲಸ ಮಾಡುವವಳು. ಎರಡು ಮಾದರಿಗಳನ್ನು ಅಕ್ಕಪಕ್ಕ ಇಟ್ಟರೆ ಯಾರೂ ಅವಳಿಗೆ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಐದು ಪದ ಹಾಡುವಾಗ ಅಬ್ಬಾ ಜೀವಂತ ಇದ್ದ," ಎಂದಳು. "ಆರನೇದಕ್ಕ ಇದ್ದಿಲ್ಲ."

"ಇದ್ದಿಲ್ಲ ಅಂತ ಅಕಿ ತಿಳಿದಿದ್ಲು," ಎಂದು ಪಂಚಶೀಲಾ ತಿದ್ದಿದಳು.

"ಹೆಂಗ ತಿಳೀತು ಅಕಿಗೆ? ಊರಿಗೇ ಗೊತ್ತಿದ್ದಿಲ್ಲ. ಪೊಲೀಸರಿಗೆ ಗೊತ್ತಿದ್ದಿಲ್ಲ." ನಿಶಾತಳ ದನಿ ಇಳಿಯಿತು. "ಓಡಿ ಹೋದಾಕಿ ಅಂತ ಕೇಳಿ ಕೇಳಿ ರೂಢಿ ಆಗಿತ್ರಿ ಬಾಜಿ. ಈಗ ಅದಕ್ಕಿಂತ ಕೆಟ್ಟದ್ದು ಬರತದೇನು?"

ಪಂಚಶೀಲಾ ಇಯರ್‌ಫೋನಿನ ತಂತಿಯನ್ನು ಮೊಬೈಲಿನಿಂದ ಕಿತ್ತಳು. ಆಳಂದದಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಶುಚಿಮಾಡಿ ಇಂಟರ್‌ನೆಟ್ಟಿಗೆ ಏರಿಸುವ ಜುಬೇರನಿಗೆ ಫೋನು ಹಚ್ಚಿದಳು. ಈ ಹಾಡುಗಳನ್ನು ಲೋಕಕ್ಕೆ ಮತ್ತೆ ಕೇಳಿಸಿದವನು ಅವನೇ.

"ಜುಬೇರ, ಆರನೇ ಪದ ಮುಗಿದ ಮ್ಯಾಲೆ ಟೇಪಿನಾಗ ಏನದ?"

"ಏನಿಲ್ರಿ ಮೇಡಂ. ಬರೀ ಗಾಳಿ. ಅದನ್ನ ಕತ್ತರಿಸಿ ಹಾಕೇನಿ."

"ನಿಮ್ಮ ಕಡಿ ಮೂಲ ಅದಲ್ಲ? ಆ ಗಾಳಿನೇ ತೊಳೀರಿ."

"ಗಾಳಿ ತೊಳಿಯಾದೇನ್ರಿ?" ಜುಬೇರ ನಕ್ಕ. "ನೀವೂ ಆ ಮುದುಕಿ ಹಂಗೇ ಮಾತಾಡಾಕತ್ತೀರಿ."

"ಯಾವ ಮುದುಕಿ?"

"ಕ್ಯಾಸೆಟ್ ಕೊಟ್ಟಾಕಿ. ಮಾದನಹಿಪ್ಪರಗಾ ಸಂತ್ಯಾಗ ಹಳೀ ಕ್ಯಾಸೆಟ್ ತಗೋತೇನಿ ಅಂತ ಕೂಗಾಕತ್ತಿದ್ದೆ. ಕವರ್ ಇದ್ದದ್ದು ಒಂದು ನನ್ನ ಕಡಿ ಮೊದಲೇ ಇತ್ರಿ, ಅದರ ರೀಲು ಹಾಳಾಗಿತ್ತು. ಈಕಿ ಕೊಟ್ಟಿದ್ದಕ್ಕ ಕವರೂ ಇಲ್ಲ, ಚೀಟಿನೂ ಇಲ್ಲ, ರೀಲು ಮಾತ್ರ ಹೊಸದರ ಹಂಗ. ಎಷ್ಟು ಕೊಡಲವ್ವಾ ಅಂದ್ರ, ಏನೂ ಬ್ಯಾಡ, ಕಡೀತನಕ ಕೇಳು ಅಂದ್ಲು. ಆರೂ ಪದ ಕೇಳೇನಿ. ಇನ್ಯಾವ ಕಡೀರಿ?"

ಬಸ್ಸು ಬ್ರೇಕು ಹಾಕಿತು. ಮುಂದಿನ ಸೀಟಿನವರ ಸ್ಟೀಲಿನ ಕೊಡ ಉರುಳಿತು. ಆ ಗದ್ದಲದಲ್ಲಿ ಅವನ ಮಾತಿನ ಅರ್ಧ ತೂಕ ಪಂಚಶೀಲಾಳ ಕಿವಿಯಿಂದ ಜಾರಿಹೋಯಿತು. ದಣಿವು ತನಿಖೆಗೆ ಒಳ್ಳೆಯ ಜೊತೆಗಾರನಲ್ಲ.

"ತೊಳದು ಫೋನ್ ಮಾಡ್ರಿ," ಎಂದಷ್ಟೇ ಹೇಳಿ ಇಟ್ಟಳು.

---

ಹಣಮಂತರಾಯನ ರೇಡಿಯೊ ಅಂಗಡಿ ಈಗ ಫ್ಲೆಕ್ಸ್ ಮುದ್ರಿಸುವ ಅಂಗಡಿಯಾಗಿತ್ತು. ಯಾರದೋ ಹುಟ್ಟುಹಬ್ಬದ ಶುಭಾಶಯದ ಬ್ಯಾನರು ಯಂತ್ರದಿಂದ ಇಂಚಿಂಚಾಗಿ ಹೊರಬರುತ್ತಿತ್ತು. ಸದ್ಯಕ್ಕೆ ಹಣೆ ಮತ್ತು ಹುಬ್ಬು ಮಾತ್ರ ಬಂದಿದ್ದವು.

ಮುದುಕ ಹಿಂದಿನ ಖೋಲಿಯಲ್ಲಿದ್ದ. ಸಕ್ಕರೆ ಕಾಯಿಲೆಯ ಕಾಲಿಗೆ ಪಟ್ಟಿ ಸುತ್ತಿ ಸ್ಟೂಲಿನ ಮೇಲೆ ಇಟ್ಟುಕೊಂಡಿದ್ದ. ಒಂದು ಕಾಲದಲ್ಲಿ ಸದ್ದು ಹೊರಹೋಗದಂತೆ ಆ ಖೋಲಿಯ ಗೋಡೆಗಳಿಗೆಲ್ಲ ಕೌದಿಗಳನ್ನು ಹೊದಿಸಲಾಗಿತ್ತು. ಕೌದಿಗಳು ಹೋಗಿದ್ದವು, ಮೊಳೆಗಳು ಸಾಲಾಗಿ ಉಳಿದಿದ್ದವು.

ಚಹಾ ಬಂತು. ಮುದುಕನಿಗೆ ಸ್ಟೀಲಿನ ಲೋಟದಲ್ಲಿ, ಅವರಿಬ್ಬರಿಗೂ ಕಾಗದದ ಕಪ್ಪಿನಲ್ಲಿ. ಪಂಚಶೀಲಾ ಅದನ್ನು ನೋಡಿದಳು. ನೋಡಿ ನೋಡಿ ಸಾಕಾಗಿದ್ದವಳು ಕುಡಿದಳು.

"ಅವತ್ತೇ ಪೊಲೀಸರಿಗೆ ಹೇಳೇನಿ ತಂಗಿ," ಎಂದ ಹಣಮಂತರಾಯ. "ನೀನೂ ಖಾತೇದಾಗ ಇದ್ದಾಕಿ, ಓದಿರಬೇಕು. ಮಧ್ಯಾಹ್ನಕ್ಕೂ ಮೊದಲೇ ಯಾರೋ ಒಬ್ಬಾಂವ ಬಂದ, ಅಕಿ ಅವನ ಹಿಂದ ಹೋದ್ಲು. ಖಾದರ ಅಂತೂ ಅವತ್ತು ಅಫಜಲಪುರಕ್ಕೇ ಬಂದಿಲ್ಲ. ಇಷ್ಟೇ ನನಗ ಗೊತ್ತಿರೋದು."

ಊರು ಮೂವತ್ತು ವರ್ಷ ಆಡಿಕೊಂಡ ಮಾತಿನ ಬೇರು ಇದೇ ಹೇಳಿಕೆ. ನಿಶಾತ ಅವನ ತುಟಿಗಳನ್ನೇ ನೋಡುತ್ತಿದ್ದಳು.

"ಹೋಗೂದಕ್ಕೂ ಮೊದಲು ಆರೂ ಪದ ಹಾಡಿದ್ಲೇನ್ರಿ?"

"ಆರೂ."

ಪಂಚಶೀಲಾ ಮೊಬೈಲನ್ನು ಸ್ಟೂಲಿನ ತುದಿಯಲ್ಲಿಟ್ಟು ಮೊದಲ ಪದದ ಕೊನೆಯನ್ನು ಕೇಳಿಸಿದಳು. 'ಗುರು ನಮ್ಮವರ ದೋಣಿಯೊಳಗ...'

"ಇಲ್ಲಿ ಹೆಸರ ಎಲ್ಲಿ ಹೋತ್ರಿ ಮಾಲಕರೇ?"

"ಹೆಣ್ಮಕ್ಕಳು ಶಬ್ದ ನುಂಗತಾರವ್ವಾ."

"ಶಬ್ದ ಅಲ್ಲ. ಗಂಡನ ಹೆಸರ ನುಂಗ್ಯಾಳ." ಅವಳು ಆರನೆಯದನ್ನು ಕೇಳಿಸಿದಳು. ಖಾದರಾ, ಖಾದರಾ ಎಂದು ದನಿ ಖೋಲಿಯ ಬರಿಗೋಡೆಗಳಿಗೆ ಬಡಿಯಿತು. "ಇಲ್ಲಿ ಯಾಕ ನುಂಗಿಲ್ಲ?"

ಮುದುಕ ಲೋಟವನ್ನು ಕೆಳಗಿಟ್ಟ.

"ಭಾಗ್ಯಜ್ಯೋತಿ ಮಧ್ಯಾಹ್ನದ ಬಸ್ಸಿಗೆ ಹೊಂಟಾಗ ಆಗಿದ್ದು ಐದೇ ಪದ. ಜೈತುನಬಿ ಇಲ್ಲೇ, ಈ ಖೋಲ್ಯಾಗ, ಕೂಸಿನ ಚಿಂತಿ ಮಾಡಕೋತ ಕುಂತಿದ್ಲು. ಅಂದ್ರ ಮಧ್ಯಾಹ್ನಕ್ಕೂ ಮೊದಲೇ ಅಕಿ ಯಾರ ಹಿಂದೂ ಹೋಗಿಲ್ಲ. ಆರನೇ ಪದ ಹುಟ್ಟಿದ್ದು ಅದರ ಮ್ಯಾಲೆ. ಆಗ ಖೋಲ್ಯಾಗ ಇದ್ದವರು ಇಬ್ಬರೇ. ಮುತ್ತೈದಿ ಆಗಿ ಕುಂತಾಕಿಗೆ ನೀನು ರಂಡಿ ಆದಿ ಅಂತ ಯಾರು ಹೇಳಿದ್ರು?"

ಹೊರಗೆ ಯಂತ್ರ ಕಿರುಗುಟ್ಟುತ್ತಿತ್ತು. ಬ್ಯಾನರಿನಲ್ಲಿ ಈಗ ಮೂಗಿನವರೆಗೆ ಬಂದಿರಬೇಕು.

"ನಾನು," ಎಂದ ಹಣಮಂತರಾಯ.

ಆ ಶಬ್ದ ಬಹಳ ಕಾಲದಿಂದ ಬಾಯಿಯಲ್ಲೇ ಇದ್ದಂತೆ ಸಲೀಸಾಗಿ ಬಂತು.

"ಹೆಸರ ಇಲ್ಲದ ಪದ ಯಾರೂ ಕೇಳಾಂಗಿಲ್ಲ ಅಂತ ಗುರುವಿನ ಮಂದಿ ಹೇಳಿಬಿಟ್ಟಿದ್ರು. ಒಂದರಾಗರ ಹೆಸರ ಇರಬೇಕು, ಕಡೀದರಾಗರ ಇರಬೇಕು. ಬೈದೆ, ಕೈ ಮುಗದೆ. ಗುರುವಿನ ಹೆಸರ ಬ್ಯಾರೆ, ನಿನ್ನ ಗಂಡನ ಹೆಸರ ಬ್ಯಾರೆ ಅಂದೆ. ಅಕಿ ನಕ್ಕಳು. 'ಅಣ್ಣಾ, ಅಕ್ಷರ ಒಂದೇ ಅವಲ್ರಿ' ಅಂದ್ಲು." ಅವನು ಪಟ್ಟಿ ಸುತ್ತಿದ ಕಾಲನ್ನು ನೋಡಿಕೊಂಡ. "ಹೊರಗ ಹೋಗಿ ಬಂದೆ. ಲಾರಿ ಪಲ್ಟಿ ಆತಂತ, ಖಾದರ ಹೋದನಂತ, ಈಗ ಫೋನ್ ಬಂತು ಅಂದೆ."

"ಖರೇನೇ ಫೋನ್ ಬಂದಿತ್ತೇನು?"

"ಇಲ್ಲ."

ನಿಶಾತ ಕಾಗದದ ಕಪ್ಪನ್ನು ಹಿಡಿದೇ ಇದ್ದಳು. ಚಹಾದ ಮೇಲೆ ಕೆನೆಗಟ್ಟಿತ್ತು.

"ಆಮ್ಯಾಲೆ ನಾ ಹಾಡು ಅಂದಿಲ್ಲವ್ವಾ," ಎಂದು ಅವನು ಈಗ ಅವಳಿಗೇ ಹೇಳಿದ. "ಅದು ಹಾಡಲ್ಲ. ನಮ್ಮ ಹೆಣ್ಮಕ್ಕಳು ಅಳೋದೇ ಹಾಡ್ಯಾಡಿ. ನೆಲಕ್ಕ ಕೈ ಬಡದು ಬಳಿ ಒಡಕೊಂಡ್ಲು, ಬಾಯಾಗಿದ್ದ ಗುರುವಿನ ಪದದಾಗನೇ ಗಂಡನ ಹೆಸರ ಹಿಡಿದು ಅತ್ಲು. ನಾ ಗುಂಡಿ ಒತ್ತಿದೆ. ಮುಗಿದ ಮ್ಯಾಲೆ ಸುದ್ದಿ ಸುಳ್ಳಂತ, ಬ್ಯಾರೆ ಲಾರಿ ಅಂತ ಹೇಳಾಂವ ಇದ್ದೆ. ಖರೇ ಹೇಳ್ತೇನಿ, ಒಂದು ಗಳಿಗಿ ಮಾತು ಅಂದುಕೊಂಡಿದ್ದೆ."

"ಮಂದಿ ಅದನ್ನ ಕೇಳಿ ಕಣ್ಣೀರ ಒರಸಾಕತ್ತಾರ," ಎಂದಳು ನಿಶಾತ. "ನಾನೂ ಒರಸೇನಿ. ಎಷ್ಟು ಚಂದ ಹಾಡ್ಯಾಳ ನಮ್ಮಮ್ಮಿ ಅಂತ."

ಪಂಚಶೀಲಾ ಹಲವು ಕೊಲೆಗಳ ಮುಂದೆ ಕುಳಿತಿದ್ದವಳು. ಇಷ್ಟು ಸಣ್ಣ ಕಾರಣವನ್ನು ಕೇಳಿ ಮಂಡಿಯ ನೋವನ್ನೂ ಮರೆತದ್ದು ಇದೇ ಮೊದಲು.

"ಹೇಳಿದ್ರೇನು ಮತ್ತ?" ಎಂದು ಕೇಳಿದಳು. "ಸುದ್ದಿ ಸುಳ್ಳು ಅಂತ?"

ಮುದುಕ ಬಾಯಿ ತೆರೆಯುವಷ್ಟರಲ್ಲಿ ಸ್ಟೂಲಿನ ಮೇಲೆ ಮೊಬೈಲು ನಡುಗಿತು. ಜುಬೇರ. ಪಂಚಶೀಲಾ ಸ್ಪೀಕರಿಗೆ ಹಾಕಿದಳು.

"ಮೇಡಂ, ಗಾಳಿ ತೊಳದೇನ್ರಿ," ಎಂದ. ನಗುವಿನ ಸುಳಿವು ಅವನ ದನಿಯಲ್ಲಿ ಉಳಿದಿರಲಿಲ್ಲ. "ಗಾಳಿ ಅಲ್ರಿ ಅದು. ಯಾರೋ ಬಾಗಿಲ ತಗದಾರ. ಗಂಡಸಿನ ದನಿ. ಹಚ್ಚತೇನಿ, ಕೇಳ್ರಿ."

ಮೊದಲು ಕೊರೆಯುವಂಥ ಮೌನ. ಬಿಕ್ಕಿ ಅಳುವ ಸದ್ದು. ಬಾಗಿಲಿನ ಕೀಲು. ಮತ್ತೆ ದೂರದಿಂದ, ದಣಿದು ಬಂದವನ ಸಹಜವಾದ, ಸ್ವಲ್ಪ ಗಾಬರಿಗೊಂಡ ದನಿ:

"ಜೈತೂ, ಕೈಕು ರೋರಿ ಗೇ? ಕೋನ್ ಮರ್‍ಯಾ?"

ಅಲ್ಲಿಗೆ ಜುಬೇರ ನಿಲ್ಲಿಸಿದ.

"ಯಾಕ ಅಳಾ‌ಕತ್ತಿ ಅಂತ ಕೇಳಾಕತ್ತಾನ," ಎಂದಳು ನಿಶಾತ. ಕನ್ನಡಕ್ಕೆ ತಿರುಗಿಸಿ ಹೇಳಿದರೆ ಅದನ್ನು ತಡೆದುಕೊಳ್ಳಬಹುದು ಎಂಬಂತೆ, ಒಂದೊಂದೇ ಶಬ್ದವನ್ನು ಎತ್ತಿಟ್ಟಳು. "ಯಾರು ಸತ್ತಾರ ಅಂತ. ಜೈತೂ ಅಂತ... ಅಬ್ಬಾ ರೀ ಇದು. ಅಬ್ಬಾ ಇಲ್ಲಿ ಬಂದಿದ್ದ."

"ಅದು ಇರಾಕ ಸಾಧ್ಯ ಇಲ್ಲ!" ಹಣಮಂತರಾಯ ಪಟ್ಟಿಯ ಕಾಲನ್ನು ನೆಲಕ್ಕಿಟ್ಟು, ಕುರ್ಚಿಯ ಕೈಗಳನ್ನು ಒತ್ತಿ ಅರ್ಧ ಎದ್ದಿದ್ದ. "ಆ ತುಣುಕ ನಾ ಕೈಯಾರೆ ಕತ್ತರಿಸಿ ಒಲ್ಯಾಗ ಹಾಕೇನಿ!"

ಹೇಳಿದ ಮೇಲೆ ಅದು ತನ್ನದೇ ಬಾಯಿಂದ ಬಂದಿದ್ದು ಎಂಬುದು ಅವನಿಗೆ ತಿಳಿಯಿತು. ಮೆಲ್ಲಗೆ ಮತ್ತೆ ಕುಳಿತ.

"ಖಾದರಸಾಬ ಅಫಜಲಪುರಕ್ಕೇ ಬಂದಿಲ್ಲ ಅಂದ್ರಿ," ಎಂದಳು ಪಂಚಶೀಲಾ.

ಮುದುಕ ಗೋಡೆಯ ಕಡೆ ತಿರುಗಿದ.

"ನೀವು ಕತ್ತರಿಸಿದ್ದು ಹಾಡು ತುಂಬಿದ ದೊಡ್ಡ ರೀಲು ಇರಬೇಕು. ಹಂಗಾದ್ರ ಇದು ಎಲ್ಲಿಂದ ಬಂತು?"

"ಜೋಡಿಗೆ ಸಣ್ಣ ಮಷೀನಿನಾಗ ಒಂದು ಕ್ಯಾಸೆಟ್ಟೂ ಓಡ್ತಿತ್ತು," ಎಂದ ಮುದುಕ, ಗೋಡೆಯ ಮೊಳೆಗಳಿಗೆ ಹೇಳುವಂತೆ. "ಹೆಂಗ ಬರಾಕತ್ತದ ಅಂತ ಕೇಳಿ ನೋಡಾಕ. ಮರುದಿನ ಮುಂಜಾನಿ ನೋಡಿದ್ರ ಮಷೀನ್ ಖಾಲಿ ಇತ್ತು. ಈ ಖೋಲ್ಯಾಗಿಂದ ಹೊರಗ ಹೋದಾಕಿ ಒಬ್ಬಾಕೇ."

ಒಬ್ಬಾಕೇ. ಒಳಗೆ ಬಂದವರು ಗಂಡ ಹೆಂಡತಿ ಇಬ್ಬರು.

ಆಗ, ಬಸ್ಸಿನ ಗದ್ದಲದಲ್ಲಿ ಜಾರಿಹೋಗಿದ್ದ ಮಾತು ಪಂಚಶೀಲಾಳ ಕಿವಿಗೆ ಪೂರ್ತಿ ತೂಕದೊಡನೆ ಮರಳಿ ಬಂತು. ಕವರಿಲ್ಲದ ಕ್ಯಾಸೆಟ್ಟು. ಕಡೀತನಕ ಕೇಳು.

"ಜುಬೇರ," ಎಂದಳು, "ಮಾದನಹಿಪ್ಪರಗಾದ ಆ ಮುದುಕಿ ಹೆಂಗಿದ್ಲು? ಮುಸಲ್ಮಾನರಾಕಿ ಏನು?"

"ಅಲ್ರಿ ಮೇಡಂ. ಹಣಿ ತುಂಬ ವಿಭೂತಿ ಇತ್ತು. ಪಕ್ಕದಾಕಿ 'ನಿಂಬೆವ್ವಾ, ನಡೀ ಹೊತ್ತಾತು' ಅಂತ ಕರದ್ಲು. ಯಾಕ್ರಿ?"

ನಿಶಾತಳ ಕೈಯಿಂದ ಕಪ್ಪು ಜಾರಿತು. ತಣ್ಣಗಾಗಿದ್ದ ಚಹಾ ನೆಲದ ಮೇಲೆ ಹರಿದು ಮುದುಕನ ಪಟ್ಟಿಯ ಕಾಲಿನವರೆಗೆ ಬಂತು. ಅವನು ಕಾಲನ್ನು ಎತ್ತಿಕೊಳ್ಳಲಿಲ್ಲ.

"ಬದುಕ್ಯಾಳ, ಬ್ಯಾರೆ ಹೆಸರ ಇಟ್ಟಕೊಂಡು," ಎಂದಳು ನಿಶಾತ. ಪ್ರಶ್ನೆಯಲ್ಲ, ಆದರೆ ಸಂತೋಷವೂ ಆಗಿರಲಿಲ್ಲ.

"ಅಕಿನ್ನ ಹುಡುಕಬ್ಯಾಡ್ರಿ," ಎಂದ ಹಣಮಂತರಾಯ. ಅವನ ದನಿಯಲ್ಲಿ ಈಗ ಬೆದರಿಕೆಯಾಗಲೀ ಬೇಡಿಕೆಯಾಗಲೀ ಇರಲಿಲ್ಲ. ಬಹಳ ದೂರ ನಡೆದು ಬಂದವನ ಆಯಾಸ ಮಾತ್ರ ಇತ್ತು. "ಖಾದರ ಒಳಗ ಬಂದಾಗ ಈ ಖೋಲ್ಯಾಗ ನಾವು ಮೂರೇ ಮಂದಿ. ಅವಗ ಏನಾತು ಅಂತ ನನಗ ಗೊತ್ತು, ಅಕಿಗೆ ಗೊತ್ತು. ಓಡಿ ಹೋದ್ಲು ಅಂತ ನಾ ಯಾಕ ಹೇಳೇನಿ ಅಂದುಕೊಂಡೀರಿ? ನನ್ನ ಉಳಸಿಕೊಳ್ಳಾಕ ಅಷ್ಟೇ ಅಂದುಕೊಂಡೀರೇನು?"

"ಅಕಿನೇ ಕ್ಯಾಸೆಟ್ ಕೊಟ್ಟು, ಕಡೀತನಕ ಕೇಳು ಅಂದಾಳ," ಎಂದಳು ಪಂಚಶೀಲಾ.

"ವಯಸ್ಸಾಗ್ಯಾದ ಅಕಿಗೆ. ಹೊತ್ತುಕೊಂಡು ತಿರುಗಿ ಸಾಕಾಗಿರಬೇಕು." ಅವನು ಕಣ್ಣು ಮುಚ್ಚಿದ. "ನನಗೂ ಸಾಕಾಗ್ಯಾದ. ಆದ್ರ ಕೇಳಬ್ಯಾಡ್ರಿ."

ಮೊಬೈಲಿನ ಕರೆ ಇನ್ನೂ ಕಡಿದಿರಲಿಲ್ಲ. ಜುಬೇರ ಗಂಟಲು ಸರಿಮಾಡಿಕೊಂಡ.

"ಮೇಡಂ... ಟೇಪ್ ಅಲ್ಲಿಗೇ ಮುಗಿಯಾಂಗಿಲ್ರಿ. ಗಂಡಸಿನ ಮಾತಾದ ಮ್ಯಾಲೆ ಏನೋ ಬಿದ್ದ ಸಪ್ಪಳ ಅದ. ಆಮ್ಯಾಲೆ ಹೆಣ್ಣಿನ ದನಿ. ನಾಕೇ ಮಾತು, ಸ್ಪಷ್ಟ ಅವ. ನಾ ಒಂದು ಸಲ ಕೇಳೇನಿ, ಎರಡನೇ ಸಲ ಕೇಳೋ ಧೈರ್ಯ ಆಗಲಿಲ್ಲ." ಅವನು ದನಿ ತಗ್ಗಿಸಿದ. "ನಿಶಾತಬಿ ಅಲ್ಲೇ ಅದಾರೇನ್ರಿ? ಹಚ್ಚಲೇನು, ಬ್ಯಾಡೇನು?"

ಪಂಚಶೀಲಾಳ ಬೆರಳು ಫೋನು ಕಡಿಯುವ ಕೆಂಪು ಗುರುತಿನ ಮೇಲಿತ್ತು. ಒಂದು ಸಲ ಕೇಳಿಸಿದ ಮೇಲೆ ಮತ್ತೆ ಕೇಳಿಸದಂತೆ ಮಾಡಲು ಯಾವ ಕತ್ತರಿಯೂ ಇಲ್ಲ. ಅವಳು ಆ ಮಾತನ್ನು ಹೇಳಬೇಕೆಂದು ನಿಶಾತಳ ಕಡೆ ತಿರುಗಿದಳು.

ನಿಶಾತ ನೆಲದ ಮೇಲಿನ ಚಹಾವನ್ನು ತನ್ನ ಓಢಣಿಯ ತುದಿಯಿಂದ ಒರೆಸುತ್ತಿದ್ದಳು. ಒರೆಸಿ, ಹಿಂಡಿ, ಸಾವಕಾಶವಾಗಿ ಎದ್ದು ನಿಂತಳು.

"ಅಕಿ ದನಿ ಹಾಡಿನ್ಯಾಗ ಅಷ್ಟೇ ಕೇಳೇನಿ ಬಾಜಿ," ಎಂದಳು. "ಮಾತಾಡಿದ್ದು ಒಂದು ಸಲನೂ ಕೇಳಿಲ್ಲ."

ಅವಳು ಪಂಚಶೀಲಾಳ ಬೆರಳನ್ನು ಹಿಡಿದು ಪಕ್ಕಕ್ಕೆ ಸರಿಸಿದಳು.

"ಹಚ್ಚರಿ ಜುಬೇರಭಾಯಿ."